ಕುಟ್ಟಾಣಿಗೆ ಬಿದ್ದ ಮಾತ್ರೆ

ವಯಸ್ಸಾದವರಿಗೆ ಮಾತ್ರೆ ನುಂಗಿಸುವುದು ಎಂಥ ಸಾಹಸ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಅತ್ತೆ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಒಂದು ಲೋಟ ನೀರು ಪೂರ್ತಿ ಕುಡಿಯುತ್ತಾರೆ, ಬಾಯಿ ತೆರೆದರೆ ಮಾತ್ರೆ ನಾಲಿಗೆಯ ಮೇಲೇ ಕೂತಿರುತ್ತದೆ. ಅದಕ್ಕೇ ನಮ್ಮ ಯಜಮಾನರು ಅದನ್ನು ಕಲ್ಲಿನ ಪುಟ್ಟ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ, ತಮ್ಮ ಕೈಯಾರೆ ತಿನ್ನಿಸಿಯೇ ಕೆಲಸಕ್ಕೆ ಹೊರಡುವುದು.

ಅವರ ಕೆಲಸವೂ ಅದೇ. ದೊಡ್ಡ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ವಾರ್ಡುಗಳಿಗೆ ಔಷಧ ಕಳಿಸುವುದು, ಯಾವುದನ್ನು ಹೇಗೆ ಕೊಡಬೇಕೆಂದು ನರ್ಸುಗಳಿಗೆ ಹೇಳುವುದು. ಮಾತ್ರೆಯ ವಿಷಯದಲ್ಲಿ ಅವರಿಗೆ ಎದುರಾಡುವವರು ನಮ್ಮ ಬೀದಿಯಲ್ಲೇ ಇಲ್ಲ. ಎದುರಾಡಿದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಗೊಂದಲ ಶುರುವಾದದ್ದು ಅತ್ತೆಯ ಬಿಪಿ ಮಾತ್ರೆ ಬದಲಾದ ಮೇಲೆ. ಮೊದಲು ಬೆಳಿಗ್ಗೆ ಒಂದು, ರಾತ್ರಿ ಒಂದು ಇತ್ತು. ಡಾಕ್ಟರು ಅದೇ ಔಷಧವನ್ನು ದಿನಕ್ಕೆ ಒಂದೇ ಸಾಕು ಎನ್ನುವಂಥ ಹೊಸ ಮಾತ್ರೆಗೆ ಬದಲಾಯಿಸಿದರು. ಕುಟ್ಟುವ ಕೆಲಸ ಅರ್ಧವಾಯಿತು ಎಂದು ಇವರಿಗೂ ಖುಷಿ. ಆದರೆ ಇವರು ಬೈಕ್ ಹತ್ತಿ ಹೋದ ಸ್ವಲ್ಪ ಹೊತ್ತಿಗೆಲ್ಲ ಅತ್ತೆ ಗೋಡೆ ಹಿಡಿಯತೊಡಗಿದರು.

"ಮನೆ ತಿರುಗ್ತಾ ಇದೆ ಕಣೇ."

"ಮನೆ ಎಲ್ಲಿ ತಿರುಗುತ್ತೆ ಅತ್ತೆ? ಮೊದಲು ಕೂತ್ಕೊಳ್ಳಿ."

ಕೂರಿಸಿದರೆ ಮೈಯೆಲ್ಲ ಬೆವರು, ಮುಖ ಬಿಳುಚಿಕೊಂಡಿತ್ತು. ಸಂಜೆ ಇವರು ಬಂದು ಬಿಪಿ ನೋಡಿದರೆ ಏರಿರುತ್ತಿತ್ತು. ಬೆಳಿಗ್ಗೆ ಬೀಳುವಷ್ಟು ತಲೆಸುತ್ತು, ಸಂಜೆ ಏರಿದ ಬಿಪಿ, ಯಾವುದನ್ನು ನಂಬುವುದು? ಅತ್ತೆಯ ಕನ್ನಡಕ ಬದಲಾಯಿಸಿದೆ. ಉಪ್ಪು ಕಡಿಮೆ ಮಾಡಿದೆ. ಆಮೇಲೆ ಉಪ್ಪು ಕಡಿಮೆಯಾಗಿಯೇ ಹೀಗಾಯಿತೇನೋ ಎಂದು ಮತ್ತೆ ಹಾಕಿದೆ. ಒಂದು ದಿನ ಬಚ್ಚಲಲ್ಲಿ ವಾಲಿದವರು ನಲ್ಲಿ ಹಿಡಿದುಕೊಂಡದ್ದರಿಂದ ತಲೆ ಉಳಿಯಿತು. ನನ್ನ ತಲೆಯಂತೂ ಮೊಸರುಗಡಿಗೆಯಾಗಿತ್ತು.

"ರೀ, ಆ ಹೊಸ ಮಾತ್ರೆಯಿಂದಲೇ ಏನೋ ಆಗ್ತಿದೆ."

"ಔಷಧ ಅದೇ ಕಣೇ, ಹೆಸರು ನೋಡು. ವಯಸ್ಸಾದ ಮೇಲೆ ತಲೆ ಸುತ್ತುತ್ತೆ. ನೀನೇನು ಡಾಕ್ಟರಾ?"

"ಡಾಕ್ಟರಲ್ಲ. ದಿನಾ ಬೆಳಿಗ್ಗೆ ಅವರನ್ನ ಹಿಡ್ಕೊಳ್ಳೋಳು ನಾನು."

ಇವರು ಡಾಕ್ಟರಿಗೆ ಹೇಳಿದ್ದು ಸಂಜೆಯ ಬಿಪಿಯನ್ನು ಮಾತ್ರ. ಮಾತ್ರೆಯನ್ನು ಹೇಗೆ ಕೊಡುತ್ತೀರಿ ಎಂದು ಡಾಕ್ಟರು ಕೇಳಲಿಲ್ಲ. ಮಗನೇ ಫಾರ್ಮಸಿಸ್ಟ್ ಆಗಿರುವಾಗ ಯಾರು ಕೇಳುತ್ತಾರೆ? ಹೆಚ್ಚು ಪವರಿನ ಮಾತ್ರೆ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಇವರು ಅದನ್ನು ಕುಟ್ಟಲು ಕೂತಿದ್ದಾಗ ದೊಡ್ಡಕ್ಕ ಬಂದರು. ಇವರ ಜೊತೆಯೇ ಕೆಲಸ ಮಾಡುವ ಹಿರಿಯ ಫಾರ್ಮಸಿಸ್ಟ್ ಅವರು. ಇಡೀ ಆಸ್ಪತ್ರೆ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತದೆ. ಅಂದು ಫಾರ್ಮಸಿಸ್ಟರಿಗೆ ತರಬೇತಿ ಇತ್ತು.

"ಹೊರಡಪ್ಪ, ಹೊತ್ತಾಯ್ತು."

"ನೀವು ಹೋಗಿ ದೊಡ್ಡಕ್ಕ. ನಾನು ಬಂದ್ರೆ ಕೌಂಟರಲ್ಲಿ ಯಾರು ನಿಲ್ತಾರೆ? ಇಷ್ಟು ವರ್ಷ ಔಷಧ ಕೊಟ್ಟೋನಿಗೆ ಹೊಸದಾಗಿ ಏನು ಕಲಿಸ್ತಾರೆ? ನೀವೇ ಇನ್ನೇನು ರಿಟೈರ್ ಆಗೋರು, ನಿಮಗ್ಯಾಕೆ ಬೇಕು ಇದು?"

"ರಿಟೈರ್ ಆಗೋದು ನಾನು ಕಣಪ್ಪ. ಇವತ್ತು ನನ್ನ ಕೈಯಿಂದ ಮಾತ್ರೆ ತಗೊಳ್ಳೋ ರೋಗಿ ಅಲ್ಲವಲ್ಲ. ಅದೇನು ಕುಟ್ತಿದ್ದೀಯ?"

"ಅಮ್ಮನ ಬಿಪಿ ಮಾತ್ರೆ. ಪವರ್ ಜಾಸ್ತಿ ಮಾಡಿದ್ದಾರೆ."

ದೊಡ್ಡಕ್ಕ ಮಾತ್ರೆಯ ಹಾಳೆ ಎತ್ತಿಕೊಂಡು, ಕನ್ನಡಕ ಸರಿಪಡಿಸಿಕೊಂಡು ಓದಿದರು. ಆಮೇಲೆ ಜೇನಿನ ಚಮಚ ಹಿಡಿದಿದ್ದ ಇವರ ಕೈಯನ್ನು ಹಾಗೇ ಹಿಡಿದುಬಿಟ್ಟರು.

"ಕೊಡಬೇಡ. ಇದು ನಿಧಾನಕ್ಕೆ ಕರಗೋ ಮಾತ್ರೆ. ಇದನ್ನ ಪುಡಿ ಮಾಡಬಾರದು."

"ಔಷಧ ಅದೇ ಅಲ್ವಾ ಅಕ್ಕ?"

"ಔಷಧ ಅದೇ, ಕಟ್ಟಿರೋ ರೀತಿ ಬೇರೆ. ಇಡೀ ದಿನಕ್ಕೆ ಅಂತ ಬುತ್ತಿ ಕಟ್ಟಿ ಕೊಟ್ಟಿದ್ದಾರೆ. ನೀನು ಗಂಟು ಬಿಚ್ಚಿ ಬೆಳಿಗ್ಗೆನೇ ಎಲ್ಲಾ ತಿನ್ನಿಸ್ತಿದ್ದೀಯ, ಬಿಪಿ ಒಮ್ಮೆಗೇ ಕುಸಿಯುತ್ತೆ. ಸಂಜೆಗೆ ಏನು ಉಳಿಯುತ್ತೆ?"

ನನಗೆ ಒಮ್ಮೆಲೇ ಅರ್ಥವಾಯಿತು. ಬೆಳಿಗ್ಗೆಯ ತಲೆಸುತ್ತು, ಸಂಜೆಯ ಬಿಪಿ, ಎರಡೂ ನಿಜ. ಎರಡಕ್ಕೂ ಕಾರಣ ಆ ಕುಟ್ಟಾಣಿ. ಹೆಚ್ಚು ಪವರಿನ ಪುಡಿ ಇನ್ನೇನು ಅತ್ತೆಯ ಬಾಯಿಗೆ ಬೀಳುವುದರಲ್ಲಿತ್ತು.

ಇವರು ಮಾತ್ರ ಇನ್ನೂ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಅಂಥ ಮಾತ್ರೆಗಳು ಇವೆ ಅಂತ ಓದಿದ್ದೆ ಅಕ್ಕ. ಇದೂ ಆ ಜಾತಿದು ಅಂತ ಹೊಳೀಲೇ ಇಲ್ಲ."

"ನನಗೂ ಹೊಳೆದಿರಲಿಲ್ಲ. ಹೋದ ಸಲದ ತರಬೇತಿಲಿ ಹೇಳಿದ್ರು. ನಾವು ಓದೋವಾಗ ಇಂಥವು ಅಪರೂಪ, ಈಗ ಕಪಾಟು ತುಂಬ ಇವೆ."

ಇವರ ಮುಖ ಇದ್ದಕ್ಕಿದ್ದಂತೆ ಕಪ್ಪಿಟ್ಟಿತು. "ನಿನ್ನೆ ವಾರ್ಡಿಂದ ಸಿಸ್ಟರ್ ಕೇಳಿದ್ರು. ಮೂಗಿನ ನಳಿಕೆಯಲ್ಲಿ ಔಷಧ ತಗೊಳ್ಳೋ ರೋಗಿ ಒಬ್ಬರಿಗೆ ಇವತ್ತಿಂದ ಇದೇ ಮಾತ್ರೆ. ಪುಡಿ ಮಾಡಿ ಕೊಡಿ ಅಂತ ನಾನೇ ಹೇಳಿದೆ."

ಇವರು ತಕ್ಷಣ ವಾರ್ಡಿಗೆ ಫೋನು ಮಾಡಿದರು. "ಸಿಸ್ಟರ್, ಆ ಬಿಪಿ ಮಾತ್ರೆ ಕೊಟ್ಟಾಯ್ತಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದಿತು ಆ ಕಡೆಯ ದನಿ. ಇವರು, "ಕೊಡಬೇಡಿ. ನಾನು ಹೇಳಿದ್ದು ತಪ್ಪು. ಡಾಕ್ಟರನ್ನ ಕೇಳಿ ಬೇರೆ ಔಷಧ ಬರೆಸೋಣ," ಎಂದರು. ಇವರು ತಪ್ಪು ಎಂಬ ಪದ ಬಳಸಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಅತ್ತೆಯ ಡಾಕ್ಟರಿಗೂ ಫೋನು ಹೋಯಿತು. ಕುಟ್ಟಿದ್ದೂ ಸೇರಿ ಎಲ್ಲವನ್ನೂ ಇವರೇ ಹೇಳಿದರು. ಡಾಕ್ಟರು ಅಂದೇ ಅತ್ತೆಯನ್ನು ಕರೆಸಿಕೊಂಡು ನೋಡಿ, ಪುಡಿ ಮಾಡಿ ಕೊಡಬಹುದಾದ ಬೇರೆ ಮಾತ್ರೆ ಬರೆದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅತ್ತೆ ಬಾಯಿ ಬಿಟ್ಟರು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಾನು ನೋಡು, ಹಿತ್ತಲ ಗಿಡಾನೇ ನಂಬಿ ಕೆಡ್ತಿದ್ದೆ."

"ತಪ್ಪಾಯ್ತಮ್ಮ."

"ತಪ್ಪಾದ್ರೆ ಹೋಗಿ ಕಲಿ. ಸ್ಕೂಲಿಗೆ ಹೋಗಲ್ಲ ಅಂತ ಕಂಬ ತಬ್ಬಿಕೊಂಡು ಅಳ್ತಿದ್ದಾಗ ನಾನೇ ಎಳ್ಕೊಂಡು ಹೋಗಿದ್ದೆ. ಈಗ ನನಗೆ ಅಷ್ಟು ದೂರ ನಡೆಯೋಕಾಗಲ್ಲ. ನೀನೇ ಹೋಗು."

ಇವರು ಹೋದರು. ಈಗ ಪ್ರತಿ ತರಬೇತಿಗೂ ಹೋಗುತ್ತಾರೆ. ಬಂದು ನನಗೂ ಪಾಠ ಹೇಳುತ್ತಾರೆ, ಅದೊಂದು ಕಾಟ. ಅತ್ತೆ ಗೋಡೆ ಬಿಟ್ಟು ನಡೆಯುತ್ತಿದ್ದಾರೆ.

ಇದನ್ನು ಓದುತ್ತಿರುವ ಫಾರ್ಮಸಿಸ್ಟರೇ, ನಿಮ್ಮ ಓದು ಮುಗಿದ ಮೇಲೂ ಔಷಧಗಳು ಹೊಸದಾಗಿ ಬರುತ್ತಲೇ ಇವೆ. ನೀವು ಹೇಳಿದ ಒಂದು ಮಾತಿನ ಮೇಲೆ ಇಡೀ ವಾರ್ಡು ನಡೆಯುತ್ತದೆ, ನೆನಪಿರಲಿ. ಆಸ್ಪತ್ರೆ ನಡೆಸುವವರೇ, ಅವರು ಕಲಿಯಲು ಹೋದಾಗ ಕೌಂಟರಿಗೆ ಇನ್ನೊಬ್ಬರನ್ನು ಇಡಿ. ಇನ್ನು ನನ್ನಂಥ ಮನೆಯವರೇ, ಮಾತ್ರೆಯನ್ನು ಮುರಿಯುವ, ಕುಟ್ಟುವ, ನಿಲ್ಲಿಸುವ ಮುಂಚೆ ಕೇಳಿ. ಕೇಳಿದ್ದಕ್ಕೆ ಬೈದರೂ ಇನ್ನೊಮ್ಮೆ ಕೇಳಿ.

ದೊಡ್ಡಕ್ಕ ಮೊನ್ನೆ ರಿಟೈರ್ ಆದರು. ತರಬೇತಿಯಲ್ಲಿ ನಮ್ಮವರ ಪಕ್ಕದ ಕುರ್ಚಿ ಈಗ ಖಾಲಿ ಇದೆ. ಫಾರ್ಮಸಿಸ್ಟರೇ, ನೀವು ಬಂದು ಕೂತುಕೊಳ್ಳಿ.