ಸ್ವಂತ ಸಾಲಿಗೆ ನಗಬಾರದು

ಟಿಕ್ ಎಂದು ಪಕ್ಕದ ಕೋಣೆಯಲ್ಲಿ ದೀಪ ಆರಿತು. ಓದುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ರಾತ್ರಿ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಬರೆದದ್ದನ್ನು ಮೆಲುದನಿಯಲ್ಲಿ ಓದಿಕೊಳ್ಳುವುದು ನನ್ನ ರೂಢಿ. ಗೋಡೆಯಾಚೆ ಮಲಗಿ ಅದಕ್ಕೆ ಕಿವಿಗೊಡುವುದು ಅತ್ತೆಯ ರೂಢಿ. ಚೆನ್ನಾಗಿದ್ದರೆ ಕಿಸಕ್ಕನೆ ನಗುತ್ತಾರೆ. ಇಲ್ಲದಿದ್ದರೆ ದೀಪ ಆರಿಸಿ ಮಲಗಿಬಿಡುತ್ತಾರೆ. ಯಾವ ಚಾನೆಲ್‌ನವರೂ ಇಷ್ಟು ನಿಷ್ಠುರವಾಗಿ ಹೇಳಲಾರರು.

ಮರುದಿನ ಸ್ಟುಡಿಯೋದಲ್ಲಿ ನಾವು ಬರೆದದ್ದರ ಓದು ಇತ್ತು. ನನ್ನ ಕೆಲಸ ಉಳಿಯುವುದೋ ಹೋಗುವುದೋ ಅದರ ಮೇಲೆ ನಿಂತಿತ್ತು.

ಟೀವಿಗೆ ಹಾಸ್ಯ ಬರೆಯುವವರದು ಬಾಡಿಗೆ ಮನೆಯ ಬದುಕು. ಕಣ್ಣೀರಿನ ಧಾರಾವಾಹಿ ವರ್ಷಗಟ್ಟಲೆ ಎಳೆಯುತ್ತದೆ, ಬರೆಯುವವರ ಒಲೆಯೂ ಅಷ್ಟು ಕಾಲ ಉರಿಯುತ್ತದೆ. ನಗುವಿಗೆ ಆಯುಸ್ಸು ಕಡಿಮೆ. ನಮಗೆ ಕಂತಿಗಿಷ್ಟು ಎಂದು ಸಂಭಾವನೆ. ಅದೇ ಕಂತನ್ನು ಎಷ್ಟು ಸಲ ಮರುಪ್ರಸಾರ ಮಾಡಿದರೂ ಬಿಡಿಗಾಸಿಲ್ಲ. ವಯಸ್ಸು ನಲವತ್ತು ದಾಟಿದರೆ, ನಿಮ್ಮ ಜೋಕು ನಮ್ಮಮ್ಮನಿಗೆ ತುಂಬ ಇಷ್ಟ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಬಂದ ಮೇಲೆ ಫೋನು ಬರುವುದಿಲ್ಲ. ನನಗೆ ನಲವತ್ತಾರು. ಹೊಗಳಿಕೆ ಬಂದಾಗಿತ್ತು.

ನಮ್ಮ ಯಜಮಾನರು ಕೆಲಸಕ್ಕಿದ್ದ ಕಂಪನಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ನನ್ನ ಬರವಣಿಗೆಯ ಮೇಲೆಯೇ. ಅಂಥ ಹೊತ್ತಿನಲ್ಲಿ ಚಾನೆಲ್ ಅಪರೂಪಕ್ಕೆ ಮನಸ್ಸು ಮಾಡಿ, ಇಬ್ಬರು ಬರಹಗಾರರನ್ನು ಮೂರು ವರ್ಷ ತಿಂಗಳ ಸಂಬಳದ ಮೇಲೆ ಇಟ್ಟುಕೊಳ್ಳಲು ಒಪ್ಪಿತ್ತು. ನಾವಿದ್ದದ್ದು ಮೂವರು. ಪಟಾಕಿ ಎಂದು ಎಲ್ಲರೂ ಕರೆಯುವ ಚುರುಕು ಹುಡುಗಿಯ ಜಾಗ ಗಟ್ಟಿಯಾಗಿತ್ತು. ಉಳಿದ ಒಂದಕ್ಕೆ ನಾನು ಮತ್ತು ಮೇಷ್ಟ್ರು. ಮೇಷ್ಟ್ರು ನಿಜಕ್ಕೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನನಗೆ ಈ ಕಸುಬು ಕಲಿಸಿದವರೂ ಅವರೇ.

ನಮ್ಮಲ್ಲಿ ಓದಿಗೆ ಒಂದು ಪದ್ಧತಿ ಇದೆ. ಟೈಪು ಮಾಡಿದ ಹಾಳೆಗಳ ಮೇಲೆ ಹೆಸರಿರುವುದಿಲ್ಲ. ನಿರ್ಮಾಪಕಿ ಎಲ್ಲವನ್ನೂ ಕಲೆಸಿ ಇಡೀ ತಂಡದ ಮುಂದೆ ತಾವೇ ಓದುತ್ತಾರೆ. ಬರೆದವರು ತಮ್ಮ ಸಾಲಿಗೆ ನಗಬಾರದು. ಹೆತ್ತವರಿಗೆ ಹೆಗ್ಗಣ ಮುದ್ದಿರಬಹುದು, ನಾಲ್ಕು ಜನರ ಮುಂದೆ ಮುದ್ದಾಡಬಾರದು. ಹಾಗಾಗಿ ಎಲ್ಲರೂ ನಕ್ಕಾಗ ಯಾರು ಸುಮ್ಮನಿರುತ್ತಾರೋ ಸಾಲು ಅವರದೆಂದು ನಿರ್ಮಾಪಕಿ ಕೇಳದೆಯೇ ಗುರುತಿಟ್ಟುಕೊಳ್ಳುತ್ತಾರೆ.

ಅಂದು ನನ್ನ ಸಾಲುಗಳು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಪಟಾಕಿ ಆಕಳಿಕೆ ನುಂಗಿಕೊಂಡಳು. ಕ್ಯಾಮೆರಾದವರು ಕಿಟಕಿಯಾಚೆ ನೋಡತೊಡಗಿದರು. ಆಮೇಲೆ ಒಂದು ಗಂಡಹೆಂಡಿರ ದೃಶ್ಯ ಬಂತು. ನಾನು ಸತ್ತರೆ ಏನು ಮಾಡುತ್ತೀ ಎಂದು ಗಂಡ ಕೇಳುತ್ತಾನೆ. ನಿರ್ಮಾಪಕಿ ಹೆಂಡತಿಯ ಉತ್ತರ ಓದಿದರು:

"ಈಗ ಮಾಡ್ತಿರೋದನ್ನೇ. ಒಂದು ಲೋಟ ಕಾಫಿ ಕಮ್ಮಿ ಮಾಡ್ತೀನಿ, ಅಷ್ಟೇ."

ಕೋಣೆಯ ತುಂಬ ನಗು. ನಾನು ನಗಲಿಲ್ಲ. ಅದು ಮೇಷ್ಟ್ರ ಹೆಂಡತಿ ಆಡಿದ್ದ ಮಾತು. ಆದರೆ ಮೊದಲು ತೀರಿಕೊಂಡವರು ಆಕೆಯೇ. ಒಂದು ಸಂಜೆ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು ಮೇಷ್ಟ್ರು ನನ್ನೊಬ್ಬಳಿಗೇ ಅದನ್ನು ಹೇಳಿದ್ದರು. ಪಾಪ, ಹೇಗೆ ಕೂತಿದ್ದಾರೋ ಎಂದು ಅವರ ಕಡೆ ತಿರುಗಿದೆ. ಮೇಷ್ಟ್ರು ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಮಧ್ಯಾಹ್ನ ನಿರ್ಮಾಪಕಿ ನನ್ನನ್ನು ಒಳಗೆ ಕರೆದು ಕರಾರುಪತ್ರ ಮುಂದಿಟ್ಟರು. ಕಾಫಿಯ ಸಾಲು ನಿಮ್ಮದೇ ಎಂದು ಆಗಲೇ ತಿಳಿಯಿತು, ಎಲ್ಲರೂ ಬಿದ್ದು ಬಿದ್ದು ನಗುವಾಗ ನೀವೊಬ್ಬರೇ ಕಲ್ಲಿನ ಹಾಗೆ ಕೂತಿದ್ದಿರಿ ಎಂದರು. ಅದು ನನ್ನದಲ್ಲ ಎಂದೆ. ಅವರು ನಕ್ಕುಬಿಟ್ಟರು.

"ನೀವು ಹೀಗೇ ಅಂತೀರಿ ಅಂತ ಮೇಷ್ಟ್ರು ಮೊದಲೇ ಹೇಳಿದ್ರು. ಅವಳಿಗೆ ಸಂಕೋಚ ಜಾಸ್ತಿ, ಒಪ್ಪಿಕೊಳ್ಳೋಲ್ಲ ಅಂದ್ರು."

ನಾನು ರುಜು ಹಾಕದೆ ಎದ್ದು ಬಂದೆ. ಮೇಷ್ಟ್ರು ಹೊರಗೆ ಕಾರಿಡಾರಿನಲ್ಲಿ ಕೊಡೆಯನ್ನು ಚೀಲಕ್ಕೆ ತುರುಕುತ್ತಿದ್ದರು.

"ಅದು ನಿಮ್ಮ ಸಾಲು ಮೇಷ್ಟ್ರೇ. ಬನ್ನಿ, ಒಳಗೆ ಹೋಗಿ ಹೇಳೋಣ."

"ಸ್ವಂತ ಸಾಲಿಗೆ ಯಾರಾದ್ರೂ ನಗ್ತಾರೇನಮ್ಮ? ನಾನು ನಕ್ಕಿದ್ದನ್ನ ಎಲ್ಲರೂ ನೋಡಿದ್ದಾರೆ."

"ನಿಮ್ಮ ಮನೇಲಿ ಅಕ್ಕ ಹೇಳಿದ್ದಲ್ವಾ ಅದು?"

ಕೊಡೆಯ ಹಿಡಿ ಚೀಲದೊಳಗೆ ಹೋಗಲೊಲ್ಲದು. ಮೇಷ್ಟ್ರು ಅದನ್ನು ಹಾಗೇ ಬಿಟ್ಟರು.

"ಅವಳು ಹೇಳಿದ್ದು ಅಂದ್ಮೇಲೆ ನಂದು ಹೇಗಾಯ್ತು? ಆವತ್ತು ನನಗೆ ನಗು ಬರಲಿಲ್ಲ ಕಣಮ್ಮ, ಸಿಟ್ಟು ಮಾಡ್ಕೊಂಡು ಊಟ ಬಿಟ್ಟಿದ್ದೆ. ಇವತ್ತು ನಕ್ಕೆ. ನಗದೇ ಇರೋಳು ನೀನೊಬ್ಬಳೇ ಅಂತ ಗೊತ್ತಿತ್ತು." ಆಮೇಲೆ ಗದರಿದರು. "ನನಗೆ ಪಿಂಚಣಿ ಬರುತ್ತೆ. ನಿನ್ನ ಮನೇಲಿ ಬಾಯಿ ಎಷ್ಟಿವೆ ಲೆಕ್ಕ ಹಾಕು. ಹೋಗು, ರುಜು ಹಾಕು. ಆ ದೃಶ್ಯದಲ್ಲಿ ಗಂಡನಿಗೆ ಒಂದು ಉತ್ತರ ಬೇಕು. ಅದನ್ನ ನೀನೇ ಬರಿ, ಚೆನ್ನಾಗಿ ಬರಿ."

ಮಾತು ಮಾರಿ ಬದುಕುವವಳು ಪೆದ್ದಿಯ ಹಾಗೆ ತಲೆಯಾಡಿಸಿದೆ. ಅವರು ಮೆಟ್ಟಿಲಿಳಿದು ಹೋದರು.

ರುಜು ಹಾಕಿದೆ. ಬಸ್ಸಿಗೆ ಕಾಯುತ್ತ ನಿಂತಾಗ, ಈ ಕಸುಬಿನಲ್ಲಿ ಏನೂ ಉಳಿಯುವುದಿಲ್ಲವೆಂದು ಇಷ್ಟು ವರ್ಷ ಗೊಣಗಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಇಂಥವರ ಪಕ್ಕದ ಕುರ್ಚಿ ನನಗೆ ಸಿಕ್ಕಿತ್ತು. ಅದು ಯಾರ ಕರಾರಿನಲ್ಲೂ ಇರುವುದಿಲ್ಲ.

ಮನೆಯಿಂದ ಫೋನು ಬಂತು. ಕೆಲಸ ಸಿಕ್ಕಿತೆಂದಾಗ ಯಜಮಾನರು ಅದನ್ನು ಅತ್ತೆಗೆ ಕೂಗಿ ಹೇಳಿದರು. ಆಮೇಲೆ ಯಾವ ಜೋಕಿಗೆ ಎಂದು ಕೇಳಿದರು. ನಡೆದದ್ದೆಲ್ಲ ತುದಿನಾಲಿಗೆಗೆ ಬಂದಿತ್ತು. ಹೇಳಿದರೆ ಮೇಷ್ಟ್ರ ನಗು ಸುಳ್ಳಾಗುತ್ತದೆ. ಅಷ್ಟು ತಡವಾಗಿ, ಅಷ್ಟು ನಿಜವಾಗಿ ಅವರು ನಕ್ಕಿದ್ದರು. ಯಾವುದೋ ಒಂದು ಎಂದುಬಿಟ್ಟೆ. ಮನೆಯವರಿಗೂ ಬೇಡ, ಪಟಾಕಿಗೂ ಬೇಡ, ಯಾರಿಗೂ ಹೇಳುವುದು ಬೇಡವೆಂದು ಅಲ್ಲೇ ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿದೆ.