ಮೂವತ್ತೇಳನೆಯ ಸಂಚಿಕೆಯ ಖಾಲಿ ಜಾಗ

ಸಭೆ ಇದ್ದದ್ದು ಮೂರು ಗಂಟೆಗೆ. ಬೆಳಿಗ್ಗೆ ಹತ್ತೂವರೆಗೇ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಸ್ಟುಡಿಯೋದ ಮೂರನೆಯ ಮಹಡಿಯನ್ನು ಅಳೆಯತೊಡಗಿದ್ದೆ. ನೀರಿನ ಕ್ಯಾನಿನವರೆಗೆ ಹೋಗುವುದು, ಕುಡಿಯದೆ ವಾಪಸ್ ಬರುವುದು, ಸ್ಕ್ಯಾನರಿನ ಮುಚ್ಚಳ ಎತ್ತಿ ಆ ಹಾಳೆಯನ್ನು ಮತ್ತೆ ನೋಡುವುದು. ನಾಲ್ಕನೆಯ ಸಲ ಎದ್ದಾಗ ಪಕ್ಕದ ಮೇಜಿನಲ್ಲಿ ಬಣ್ಣ ತುಂಬುವವಳು, “ಏನ್ರೀ, ಮೈಮೇಲೆ ಇರುವೆ ಬಿಟ್ಕೊಂಡಿದ್ದೀರಾ?” ಎಂದಳು. ಅವಳಿಗೆ ನಗು, ನನಗೆ ಪ್ರಾಣಸಂಕಟ.

ಹಾಳೆ ನನ್ನ ಸೋದರಮಾವನದು. ‘ಆರಾಳು ಪಡೆ’ ಎಂಬ ಕಾಮಿಕ್ ಪುಸ್ತಕಕ್ಕೆ ಹತ್ತೊಂಬತ್ತು ವರ್ಷ, ತಿಂಗಳಿಗೊಂದರಂತೆ, ಚಿತ್ರ ಬರೆದವರು ಅವರು. ಆರು ಜನ ವೀರರ ತಂಡ ಅದು. ಆರನೆಯವಳ ಹೆಸರು ಸುಳಿ. ವೈರಿ ಏನೇ ಎಸೆಯಲಿ, ಮೇಲಂಗಿಯನ್ನು ಒಂದೇ ಸುತ್ತು ತಿರುಗಿಸಿ ಅದನ್ನು ಅವನ ಮುಖಕ್ಕೇ ವಾಪಸ್ ಕಳಿಸುವವಳು. ಈಗ ನಮ್ಮ ಸ್ಟುಡಿಯೋ ಅದನ್ನು ಹೊಸ ಕಾರ್ಟೂನ್ ಸರಣಿ ಮಾಡುತ್ತಿದೆ. ಪಾತ್ರಗಳ ಮಾದರಿ ಹಾಳೆ ಮಾಡುವುದು ನನ್ನ ಕೆಲಸ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣಬೇಕು, ಬಟ್ಟೆಯ ಮೇಲೆ ಎಷ್ಟು ಗೆರೆ ಎಂದು ನಾನು ಗೊತ್ತು ಮಾಡಿಕೊಟ್ಟರೆ ಮಿಕ್ಕವರು ಅದರಂತೆ ಬರೆಯುತ್ತಾರೆ. ಪುಸ್ತಕದ ಹದಿನೆಂಟು ಗೆರೆಯನ್ನು ಮೂರಕ್ಕೆ ಇಳಿಸಬೇಕು. ಇಲ್ಲದಿದ್ದರೆ ಆ ಮಿಕ್ಕವರು ನನ್ನನ್ನು ಹುರಿದು ಮುಕ್ಕುತ್ತಾರೆ.

ಮಧ್ಯಾಹ್ನದ ಸಭೆಯಲ್ಲಿ ಸುಳಿಯ ಮಾದರಿ ಹಾಳೆಗೆ ಒಪ್ಪಿಗೆಯ ಸಹಿ ಬೀಳಬೇಕಿತ್ತು. ಅದರಲ್ಲಿ ಅವಳು ದ್ರೋಹಿ. ಕಣ್ಣ ಸುತ್ತ ಕಪ್ಪು, ತುಟಿಯ ಒಂದು ಕೊನೆಯಲ್ಲಿ ಕೊಂಕು ನಗು. ಒಮ್ಮೆ ಸಹಿಯಾಯಿತೆಂದರೆ ಮುಗಿಯಿತು, ಇನ್ನು ಇಪ್ಪತ್ತು ವರ್ಷ ಮಕ್ಕಳ ಕಣ್ಣಲ್ಲಿ ಅವಳು ಅದೇ.

ಇದು ಎಲ್ಲಿಂದ ಬಂತು ಎಂದರೆ, ಮೂವತ್ತೇಳನೆಯ ಸಂಚಿಕೆಯಿಂದ. ಆ ಸಂಚಿಕೆಯ ಒಂದೊಂದು ಪುಟದಲ್ಲೂ ತಂಡ ನಿಂತಿದೆ. ಆದರೆ ಇರುವುದು ಐವರು. ಆರನೆಯವಳ ಜಾಗ ಖಾಲಿ. ಓದುಗರು ಹುಚ್ಚೆದ್ದು ಹೋದರು. ಸುಳಿ ಎಲ್ಲಿ ಎಂದು ಮೂಟೆಗಟ್ಟಲೆ ಪತ್ರ. ಒಟ್ಟು ಮೂರು ತಿಂಗಳು ಆ ಜಾಗ ಖಾಲಿಯೇ ಉಳಿಯಿತು, ನಾಲ್ಕನೆಯ ತಿಂಗಳು ಅವಳು ಏನೂ ಆಗದವಳ ಹಾಗೆ ಬಂದು ನಿಂತಳು. ಆಮೇಲೆ ಬಂದ ಹಳೆಯ ಕಾರ್ಟೂನು ಪ್ರತಿ ಕಂತನ್ನೂ ಆ ಖಾಲಿ ಜಾಗ ತೋರಿಸಿಯೇ ಮುಗಿಸುತ್ತಿತ್ತು. ಅದನ್ನು ನೋಡುತ್ತ ಬೆಳೆದ ಹುಡುಗರು ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿಕೊಂಡರು: ಮೂರು ತಿಂಗಳು ವೈರಿಗಳ ಜೊತೆ ಇದ್ದಳು! ಆ ಹುಡುಗರಲ್ಲಿ ಒಬ್ಬ ಈಗ ನಮ್ಮ ನಿರ್ದೇಶಕ. ಅವನ ಸರಣಿ ಪೂರ್ತಿ ನಿಂತಿರುವುದು ಆ ಒಂದು ತೀರ್ಮಾನದ ಮೇಲೆ.

ಮಾವನೇನು ಕಡಿಮೆಯೇ? ಸಿಕ್ಕಿದ ವೇದಿಕೆಯಲ್ಲೆಲ್ಲ, “ಆ ಖಾಲಿ ಜಾಗ ಬರೆಯೋಕೆ ನನಗೆ ಒಂದು ವಾರ ಹಿಡೀತು” ಎಂದು ಹೇಳಿ ಹಾರ ಹಾಕಿಸಿಕೊಂಡವರು.

ಈಗ ಹಾಳೆಯ ವಿಷಯ. ಮಾವ ತಮ್ಮ ಮೂಲ ಹಾಳೆಗಳ ಕಟ್ಟನ್ನು ಸ್ಟುಡಿಯೋಕ್ಕೆ ಕೊಟ್ಟಿದ್ದರು. ಆ ಬೆಳಿಗ್ಗೆ ಮೂವತ್ತೇಳನೆಯ ಸಂಚಿಕೆಯ ಮೊದಲ ಹಾಳೆಯನ್ನು ಸ್ಕ್ಯಾನರಿಗೆ ಇಟ್ಟೆ. ಪರದೆಯ ಮೇಲೆ ಖಾಲಿ ಜಾಗ ಖಾಲಿಯಾಗಿರಲಿಲ್ಲ. ತಿಳಿ ನೀಲಿ ಪೆನ್ಸಿಲಿನಲ್ಲಿ ಒಂದು ಉದ್ದನೆಯ ಸೊನ್ನೆ, ಅದರೊಳಗೆ ಮಾವನ ಅಕ್ಷರ: “ತಂಗೀ, ಇವಳು ನಿನ್ನ ಪಾಲಿಗೆ. ಬೆಳಿಗ್ಗೆ ಆರರೊಳಗೆ ಬಾ.” ಆ ಕಾಲದ ಛಾಪಖಾನೆಯ ಕ್ಯಾಮೆರಾಕ್ಕೆ ತಿಳಿ ನೀಲಿ ಕಾಣುತ್ತಿರಲಿಲ್ಲ, ಅದಕ್ಕೇ ಚಿತ್ರ ಬರೆಯುವವರು ಗುರುತು ಹಾಕಿಕೊಳ್ಳಲು ಅದನ್ನೇ ಬಳಸುತ್ತಿದ್ದರು. ಹಿಂದಿನ ಸಂಚಿಕೆಗಳ ಹಾಳೆ ತೆಗೆದೆ. ಎಲ್ಲದರಲ್ಲೂ ಸುಳಿಯ ಕೆಳಗೆ ಅದೇ ನೀಲಿ ಸೊನ್ನೆ, ಮೇಲೆ ಶಾಯಿಯಲ್ಲಿ ಬೇರೆಯದೇ ಕೈ. ಮಾವನಿಗೆ ಇರುವುದು ಒಬ್ಬಳೇ ತಂಗಿ, ನನ್ನಮ್ಮ. ಮೂವತ್ತೇಳನೆಯ ಹಾಳೆಯ ಮೂಲೆಯಲ್ಲಿದ್ದ ತಾರೀಖು ನಾನು ಹುಟ್ಟಿದ್ದರ ಹಿಂದಿನ ದಿನದ್ದು.

ಅಮ್ಮನಿಗೆ ಫೋನು ಮಾಡಿದೆ.

“ಹೌದು ಕಣೆ, ಸುಳೀನ ನಾನೇ ಬರೀತಿದ್ದೆ. ಅಣ್ಣ ಐದು ಜನರನ್ನ ಬರೆದು ಮಲಗೋನು, ಬೆಳಿಗ್ಗೆ ನಾನು ಹೋಗಿ ಅವಳನ್ನ ಬರೆದು, ಕಟ್ಟು ಕಟ್ಟಿಟ್ಟು ಬರ್ತಿದ್ದೆ. ಹತ್ತಕ್ಕೆ ಛಾಪಖಾನೆಯವರು ಬಂದು ತಗೊಂಡು ಹೋಗೋರು.”

“ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲಮ್ಮ!”

“ಯಾರು ಕೇಳಿದ್ರು?”

ಅವಳನ್ನು ದ್ರೋಹಿ ಮಾಡುತ್ತಿದ್ದಾರೆಂದು ಹೇಳಿದೆ. ಆ ಕಡೆ ನಲ್ಲಿ ನೀರು ಬೀಳುವ ಸದ್ದು ನಿಂತಿತು. “ಸುಳೀನಾ?” ಎಂದಳು. ಆಮೇಲೆ, “ಇರ್ಲಿ ಬಿಡು, ನಿನ್ನ ಕೆಲಸಕ್ಕೆ ತೊಂದರೆ ಮಾಡ್ಕೋಬೇಡ” ಎಂದು ಫೋನಿಟ್ಟಳು. ನಮ್ಮಮ್ಮ ಕಾಲು ಮುರಿದುಕೊಂಡಾಗಲೂ ಇರ್ಲಿ ಬಿಡು ಎಂದವಳೇ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾವ ಎರಡು ಗಂಟೆಗೇ ಬಂದು ಕ್ಯಾಂಟೀನಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಆ ಹಾಳೆ ಇಟ್ಟೆ. ಕನ್ನಡಕ ಮೇಲೆತ್ತಿ ನೋಡಿದರು, ನೀಲಿ ಅಕ್ಷರದ ಮೇಲೆ ಅಂಗೈ ಮುಚ್ಚಿದರು.

“ಇದನ್ನ ಅಳಿಸಿದ್ದೆ ಅಂದ್ಕೊಂಡಿದ್ದೆ” ಎಂದರು.

“ಮಾವ, ನಿಜ ಹೇಳಿ. ಇದು ಬೇಕಂತ ಬಿಟ್ಟಿದ್ದಲ್ಲ ತಾನೇ?”

“ಮೆಲ್ಲಗೆ ಮಾತಾಡೇ ಪುಟ್ಟೀ. ಅವಳು ಬಂದು ಬರೆದು ಹೋಗಿರ್ತಾಳೆ ಅಂದ್ಕೊಂಡೆ. ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮೊದ್ಲೇ ನೀನು ಹುಟ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ? ನಾನು ಏಳೋ ಹೊತ್ತಿಗೆ ಛಾಪಖಾನೆಯವರೇ ಹಾಳೆಗಳನ್ನ ಕಟ್ಟು ಕಟ್ಕೊಂಡು ಹೋಗಿದ್ರು. ಪುಸ್ತಕ ಹೊರಗೆ ಬಂದ ಮೇಲೆ ಎಲ್ರೂ ಬೆನ್ನು ತಟ್ಟೋರೇ. ನಾನೇನು ಹೇಳ್ಲಿ? ಮಾಡಿದ್ದೇ ಹಾಗೆ ಅಂದೆ.”

“ಸರಿ, ಇವತ್ತು ಹೇಳಿ. ಅವಳನ್ನ ದ್ರೋಹಿ ಮಾಡ್ತಿದ್ದಾರೆ.”

“ಕಾರ್ಟೂನ್ ಕಣೇ ಅದು! ಜನ ನನ್ನನ್ನ ನೆನಪಿಟ್ಕೊಂಡಿರೋದೇ ಆ ಒಂದು ಜಾಗಕ್ಕೆ. ಅದನ್ನೂ ಕಿತ್ಕೊಂಡ್ರೆ ನಾನ್ಯಾರು ಹೇಳು? ನಿಮ್ಮಮ್ಮ ಏನೂ ಅಂದ್ಕೊಳಲ್ಲ.”

“ಅಂದ್ಕೊಳಲ್ಲ ಅಂತಾನೇ ತಾನೆ ನೀವೆಲ್ಲ ಅವಳ ತಲೆ ಮೇಲೆ ಕೈ ಇಟ್ಟಿದ್ದು!”

ಕ್ಯಾಂಟೀನಿನವನು ತಿರುಗಿ ನೋಡಿದ. ಮಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ: ಆ ಕೊಂಕು ನಗು ಬರೆದವಳು ನಾನೇ. ಹದಿನೈದು ದಿನ ಕೂತು, ತಿದ್ದಿ ತೀಡಿ, ಚೆನ್ನಾಗಿ ಬಂತೆಂದು ಬೀಗಿದ್ದೆ. ಅದು ನೆನಪಾದಾಗಲೆಲ್ಲ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಮೂರು ಗಂಟೆಗೆ ಹದಿನಾಲ್ಕು ಜನ ಸೇರಿದರು. ನಿರ್ದೇಶಕ ಒಳ್ಳೆಯವನೇ, ಆದರೆ ಬಾಯಿ ತೆರೆದರೆ ಮುಚ್ಚುವವನಲ್ಲ. ಮಾವನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಹೊಗಳಿದ. ನಾನು ಕುರ್ಚಿಯಲ್ಲಿ ಕೂರಲಾಗದೆ ಗೋಡೆಗೆ ಒರಗಿ ನಿಂತಿದ್ದೆ.

“ಸಹಿಗೆ ಮೊದ್ಲು ಒಂದು ಆಸೆ ಸರ್” ಎಂದ. “ನಮ್ಮ ಬೋರ್ಡ್ ಮೇಲೆ ಪಡೇನ ನಿಮ್ಮ ಕೈಯಾರೆ ಬರೀಬೇಕು. ಆರೂ ಜನ.”

ಮಾವ ಎದ್ದರು. ಎಪ್ಪತ್ತಾರು ವರ್ಷದ ಕೈ, ಬೋರ್ಡಿಗೆ ತಾಗಿದ್ದೇ ತಡ, ಸರಸರ ಓಡಿತು. ನಾಲ್ಕು ನಿಮಿಷದಲ್ಲಿ ಐವರು ಬಂದು ನಿಂತರು, ಉಸಿರಾಡುತ್ತಿದ್ದಾರೇನೋ ಎನ್ನುವಂತೆ. ಆರನೆಯ ಜಾಗಕ್ಕೆ ಬಂದಾಗ ಪೆನ್ನು ಎತ್ತಿದರು. ಇಳಿಸಲಿಲ್ಲ. ಮತ್ತೆ ಎತ್ತಿದರು. ಭುಜದ ಹತ್ತಿರ ಒಂದು ಗೆರೆ ಎಳೆದು ಬೆರಳಿನಿಂದ ಒರೆಸಿದರು. ಕೊನೆಗೆ ಕೈ ಕೆಳಗೆ ಬಿತ್ತು.

ಇಡೀ ಕೋಣೆ ಚಪ್ಪಾಳೆ ಹೊಡೆಯಿತು. “ನೋಡ್ರೋ! ಇವತ್ತಿಗೂ ಖಾಲಿ ಬಿಟ್ರು!” ಎಂದು ನಿರ್ದೇಶಕ ಕೂಗಿದ. ಅವನ ಕಣ್ಣಲ್ಲಿ ನೀರೇ ಬಂದಿತ್ತು.

ಮಾವ ನನ್ನ ಕಡೆ ನೋಡಿದರು. ನಾನು ಹಾಳೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಬಾಯಿ ತೆರೆದಿದ್ದರೆ ಅಳುತ್ತಿದ್ದೆ.

“ನಿಲ್ಸಿ” ಎಂದರು ಮಾವ. “ನಿಲ್ಸೀಪ್ಪಾ. ನಾನು ಬಿಟ್ಟಿದ್ದಲ್ಲ ಇದು. ನನಗೆ ಅವಳನ್ನ ಬರೆಯೋಕೆ ಬರಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಮಾವ ನಿಂತಲ್ಲೇ ಎಲ್ಲ ಹೇಳಿದರು. ತಂಗಿ, ನೀಲಿ ಸೊನ್ನೆ, ಹೆರಿಗೆ, ಛಾಪಖಾನೆ ಸೇರಿದ ಕಟ್ಟು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ನಿರ್ದೇಶಕ ಅದನ್ನು ನೋಡುತ್ತ ನೋಡುತ್ತ ಕುರ್ಚಿಗೆ ಕುಸಿದ.

“ಅಯ್ಯೋ ದೇವ್ರೇ, ಒಂಬತ್ತು ಕಂತಿನ ಕಥೆ ಬರೆದಾಗಿದೆ ಸರ್! ತಪ್ಪಿ ಹೋಗಿದ್ದು ಸರಿ, ಒಂದು ತಿಂಗಳು. ಆಮೇಲೆ ಎರಡು ತಿಂಗಳು ಯಾಕೆ ಖಾಲಿ? ಆಗ ಎಲ್ಲಿದ್ಲು ಅವಳು?”

ಮಾವ ಗೋಡೆಯ ಕಡೆ ತಿರುಗಿದರು. “ಅವಳನ್ನೇ ಕೇಳಿ” ಎಂದು ನಾನು ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮಧ್ಯೆ ಇಟ್ಟೆ.

“ಅಮ್ಮಾ, ನಮಸ್ಕಾರ” ಎಂದ ನಿರ್ದೇಶಕ. ಮೊದಲ ಸಲ ಅವನ ಧ್ವನಿ ಸಣ್ಣದಾಗಿತ್ತು. “ನಾನು ಕಾರ್ಟೂನ್ ಮಾಡ್ತಿರೋನು. ಸುಳಿ ಆ ಮೂರು ತಿಂಗಳು ಎಲ್ಲಿಗೆ ಹೋಗಿದ್ಲಮ್ಮಾ?”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

“ಎಲ್ಲಿಗೂ ಹೋಗಿರ್ಲಿಲ್ಲಪ್ಪ” ಎಂದಳು ಅಮ್ಮ. “ಕೂಸಿನ ಪಕ್ಕ ಮಲಗಿದ್ಲು, ಎರಡು ಬೀದಿ ಆಚೆ. ಬೆಳಿಗ್ಗೆ ಬೇಗ ಎಚ್ಚರ ಆಗ್ತಿತ್ತು ಅಭ್ಯಾಸಕ್ಕೆ. ಅಣ್ಣ ಹಾಳೆ ಹಿಡ್ಕೊಂಡು ಬರ್ತಾನೇನೋ ಅಂತ ಬಾಗಿಲು ನೋಡ್ತಿದ್ಲು. ಬಂದಿದ್ರೆ ಹಾಸಿಗೆ ಮೇಲೆ ಕೂತೇ ಬರೆದುಕೊಡ್ತಿದ್ಲು. ಖಾಲಿ ಇದ್ರೇನೇ ಪುಸ್ತಕ ಚೆನ್ನಾಗಿ ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು.”

ನಿರ್ದೇಶಕ ನನ್ನ ಮಾದರಿ ಹಾಳೆಯನ್ನು ಎಳೆದುಕೊಂಡು ಎರಡಾಗಿ ಹರಿದ. ಮಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

“ಅಣ್ಣ ಇದ್ದಾನಾ ಅಲ್ಲಿ?” ಎಂದು ಕೇಳಿದಳು ಅಮ್ಮ.

ಮಾವ ಫೋನಿನ ಹತ್ತಿರ ಬಗ್ಗಿದರು. “ಇದ್ದೀನಿ ತಂಗೀ.”

“ಮೂರು ತಿಂಗಳು ಕಾದೆ ಕಣೋ” ಎಂದಳು ಅಮ್ಮ.