ವರದಾ ಟೀಚರ ಗವಿ

ಹೊಸ್ತಿಲು ದಾಟಿ ಒಳಗಿಡಬೇಕಿದ್ದ ಕಾಲನ್ನು ಆಚಾರ್ಯರು ಗಾಳಿಯಲ್ಲೇ ತಡೆದರು.

"ಯಾರೂ ತುಳೀಬ್ಯಾಡ್ರಿ. ಮಂಡಲ ಬರದಾರ."

ನಡುಮನೆಯ ನೆಲದ ತುಂಬ ರಂಗೋಲಿ. ಚುಕ್ಕಿ, ಚೌಕ, ನಡುವೆ ಡೊಂಕಾದ ನೀಲಿ ಗೆರೆ. ಅದರಾಚೆ, ಗೋಡೆಗೆ ಒತ್ತಿಕೊಂಡು, ಉಳಿದಷ್ಟು ಜಾಗದಲ್ಲಿ ವರದಾಬಾಯಿಯನ್ನು ಮಲಗಿಸಿದ್ದರು. ಬಳ್ಳಾರಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಟೀಚರು ನಿದ್ದೆಯಲ್ಲೇ ಹೋಗಿದ್ದರು.

"ಈ ನೀಲಿ ಗೆರಿ ವೈತರಣಿ," ಎಂದರು ಆಚಾರ್ಯರು. ಅದು ಯಾವ ಮಂಡಲವೋ ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ರೂಢಿಯೂ ಅವರಿಗಿರಲಿಲ್ಲ.

"ಅಕ್ಕಗ ಮೊದಲೇ ತಿಳಿದಿತ್ತು ನೋಡ್ರಿ." ಸಿರುಗುಪ್ಪದಿಂದ ಬಂದಿದ್ದ ತಮ್ಮ ವಿಶ್ವಪ್ರಿಯ ಕಣ್ಣೊರೆಸಿಕೊಂಡ. "ಈ ಕೆಂಪು ಚೌಕ ಯಮಭಟರೇನ್ರಿ?"

"ಮತ್ತಿನ್ನೇನು?"

ಪಕ್ಕದ ಮನೆಯ ಅಸ್ಮಾ ದುಪಟ್ಟಾ ಕಚ್ಚಿ ಹಿಡಿದಳು. ನೀಲಿ ಗೆರೆ ತುಂಗಭದ್ರೆ. ಕೆಂಪು ಚೌಕ ಬ್ರೂಸ್‌ಪೇಟೆಯ ಮೆಣಸಿನಕಾಯಿ ಅಂಗಡಿಗಳು. ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಕಂಪ್ಯೂಟರ್ ಗೇಮಿಗೆ ಟೀಚರು ಹಾಕಿದ ನಕ್ಷೆ ಅದು. ಒಂದು ಚುಕ್ಕಿಗೆ ಒಂದು ಇಟ್ಟಿಗೆ. ಅವರು ನೆಲದ ಮೇಲೆ ಬರೆಯುವುದು, ಹಳೇ ಶಿಷ್ಯೆ ಅಸ್ಮಾ ಲ್ಯಾಪ್‌ಟಾಪಿನಲ್ಲಿ ಕಟ್ಟುವುದು. ನಿಜ ಹೇಳಿದರೆ ಈಗಲೇ ನೀರು ಸುರಿದು ತೊಳೆಯುತ್ತಾರೆ. ಫೋಟೊ ಹೊಡೆದುಕೊಂಡಾಗಿತ್ತು. ಅವಳಿಗೆ ಬೇಕಾದದ್ದು ಮಾತ್ರ ಅದರಲ್ಲಿ ಇರಲಿಲ್ಲ.

*

ಹಿಂದಿನ ಸಂಜೆ ನಕ್ಷೆ ಮುಗಿದಿತ್ತು. ಆಡುವವರು ಬ್ರೂಸ್‌ಪೇಟೆಯಲ್ಲಿ ಹಗ್ಗ ಕೊಳ್ಳಬೇಕು, ಸಿರುಗುಪ್ಪದ ಬತ್ತದ ಗದ್ದೆ ದಾಟಬೇಕು, ಕೆಂಚನಗುಡ್ಡದ ಹಾಳುಕೋಟೆಯಲ್ಲಿ ಬೀಗದ ಕೈ ಹುಡುಕಿ ಕುರುಗೋಡು ಬೆಟ್ಟದ ಗವಿ ಹೊಗಬೇಕು. ಹೊಕ್ಕ ಕೂಡಲೇ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.

"ಹೊರಗ ಹೆಂಗ ಬರೂದ್ರಿ ಟೀಚರ್? ದಾರೀನ ಇಲ್ಲಲ್ಲ."

"ಅದ. ಹುಡುಕು."

"ಆಡೋರು ಹುಡುಕ್ಲಿ ಬಿಡ್ರಿ. ಕಟ್ಟಾಕಿ ನಾನದೀನಿ, ನನಗರ ಹೇಳ್ರಿ."

"ಸಾಲ್ಯಾಗೂ ನೀ ಹಿಂದಿನ ಪುಟ ತಗದು ಉತ್ತರ ನೋಡಾಕಿ. ನಾಳಿ ಬಾ."

*

"ಎತ್ತಿದ ಕೂಡಲೇ ಮನಿ ತೊಳೀರಿ," ಎಂದು ಆಚಾರ್ಯರು ಅಪ್ಪಣೆ ಕೊಡಿಸಿದರು. "ಮಂಡಲದ ಕೆಲಸ ಅಲ್ಲಿಗೆ ಮುಗೀತು."

ಅಸ್ಮಾ ಗವಿ ಬರೆದಿದ್ದ ಕಡೆ ಸರಿದಳು. ದಾರಿ ಸಿಗದಿದ್ದರೆ ಟೀಚರು ಕಟ್ಟಿಸಿದ ಲೋಕವೆಲ್ಲ ಅರ್ಧಕ್ಕೇ ನಿಂತಹಾಗೆ. ತಾನೇ ಒಂದು ಬಾಗಿಲು ಕೊರೆದುಬಿಡಬಹುದಿತ್ತು, ಆದರೆ ಅದು ಟೀಚರ ಗವಿ ಆಗುತ್ತಿರಲಿಲ್ಲ. ಅವಳು ಮಂಡಿಯೂರಿ, ಬಗ್ಗಿ, ಗವಿಯ ಸುತ್ತ ಚುಕ್ಕಿ ಚುಕ್ಕಿಯನ್ನೂ ನೋಡತೊಡಗಿದಳು.

"ಎಂಥಾ ಭಕ್ತಿ ನೋಡ್ರಿ ಆ ಹುಡುಗೀದು," ಎಂದ ವಿಶ್ವಪ್ರಿಯ, ತಾನೂ ಪಕ್ಕದಲ್ಲಿ ಮಂಡಿಯೂರಿದ. ಅವನನ್ನು ನೋಡಿ ಇನ್ನಿಬ್ಬರು ಹೊಸ್ತಿಲಾಚೆಯಿಂದಲೇ ದೀರ್ಘದಂಡ ಹಾಕಿದರು.

ತಾಳಲಾರದೆ ಅಸ್ಮಾ ಕೇಳಿಯೇಬಿಟ್ಟಳು: "ಹೊರಗ ಹೋಗಾಕ ದಾರಿ ಎಲ್ಲೈತ್ರಿ, ಆಚಾರ್ರೇ?"

"ಹೋಗೋ ಜೀವಕ್ಕ ದಾರಿ ಗೊತ್ತಿರ್ತದ. ನೀ ಸರೀಯಮ್ಮಾ, ಹೊತ್ತಾತು."

ನಾಲ್ವರು ಟೀಚರನ್ನು ಎತ್ತಿಕೊಂಡರು. ಗೆರೆ ತುಳಿಯಬಾರದೆಂದು ತುದಿಗಾಲಲ್ಲಿ ಓಲಾಡುತ್ತ ಹೊಳೆ ದಾಟಿದರು. ಯಮಭಟರನ್ನು ಸುತ್ತಿಕೊಂಡು ಬಂದು ಗವಿಯ ಹತ್ತಿರ ನಿಂತರು. ಮುಂದೆ ಹೊಸ್ತಿಲಿಗೆ ಅಡ್ಡವಾಗಿ, ಟೀಚರು ರಂಗೋಲಿ ಹಾಕಲು ಕೂರುತ್ತಿದ್ದ ಅಗಲವಾದ ಮಣೆ ಇತ್ತು.

"ಎಡವೀವಿ, ಆ ಮಣಿ ತಗೀಯಮ್ಮಾ," ಎಂದ ವಿಶ್ವಪ್ರಿಯ.

ಅಸ್ಮಾ ಮಣೆ ಎತ್ತಿದಳು. ಕೆಳಗೆ, ಗವಿಯ ಹಿಂಗೋಡೆಯಿಂದ ಹೊರಟ ಬಿಳಿ ಚುಕ್ಕಿಯ ಸಾಲೊಂದು ನೇರ ಹೊಸ್ತಿಲಿಗೆ ಹೋಗಿತ್ತು.

"ಇದರ ಮ್ಯಾಲೇ ಕುಂತಿದ್ರೇನ್ರಿ ಟೀಚರ್," ಎಂದು ಅವಳು ನಕ್ಕಳು. ನಗು ಅಲ್ಲೇ ಅಳುವಾಯಿತು. ಹೊತ್ತವರು ಒಂದು ಚುಕ್ಕಿಯೂ ಅಳಿಸದಂತೆ ಸಾಲಿನ ಎರಡೂ ಬದಿಗೆ ಕಾಲಿಡುತ್ತ, ಟೀಚರನ್ನು ಅದರ ಮೇಲಿಂದಲೇ ಹೊರಗೆ ಒಯ್ದರು.